ಮ್ಯಾಪಿನಲ್ಲಿ ಇಲ್ಲದ ಇಳಿಜಾರು

“ಲಾಂಟ್‌ಕ್ರೈಸ್... ಲಾಂಟ್‌ಕ್ರೈಸ್... ಲಾಂಟ್‌ಕ್ರೈಸ್...”

ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಮೊಬೈಲಿನ ಭಾಷಾಪಾಠದಿಂದ ಒಬ್ಬ ಜರ್ಮನ್ ಹೆಂಗಸು ಹೀಗೆ ಹೇಳುತ್ತಲೇ ಇರುತ್ತಿದ್ದಳು. ಸ್ವರದಲ್ಲಿ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಅವಳ ಹಿಂದೆಯೇ ರುಕಿಯಾ ಅದೇ ಶಬ್ದವನ್ನು ಉಡುಪಿಯ ನಾಲಿಗೆಯಲ್ಲಿ ತಿರುಗಿಸಿ ತಿರುಗಿಸಿ ಹೇಳುವುದು. ನಾನು ಏಲಕ್ಕಿ ಜಜ್ಜುತ್ತಾ, “ಬಾಯಲ್ಲಿ ಬಿಸಿ ಗೋಳಿಬಜೆ ಇಟ್ಟುಕೊಂಡವರ ಹಾಗೆ ಹೇಳಬೇಡ ಮಾರಾಯ್ತಿ” ಅನ್ನುವುದು. ಲಾಂಟ್‌ಕ್ರೈಸ್ ಅಂದರೆ ಹಳ್ಳಿಗಾಡಿನ ಜಿಲ್ಲೆ. ಆ ಶಬ್ದ ನೆನಪಾದರೆ ಈಗಲೂ ನನ್ನ ಮೂಗಿಗೆ ಏಲಕ್ಕಿಯ ವಾಸನೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಚಾಪೆಲ್ಲಿನ ಹಿಂದಿನ ಹುಣಸೆಮರದಲ್ಲಿ ಎಂಥದೋ ಉಂಟು ಅಂತ ಹುಡುಗಿಯರು ಹೆದರುತ್ತಿದ್ದರು. ನಾನು ಅದರ ಬುಡದಲ್ಲೇ ಕೂತು ಬುತ್ತಿ ತಿನ್ನುತ್ತಿದ್ದೆ. ಮದುವೆಯಾಗಿ ರಿಯಾದಿಗೆ ಬಂದು ಇಲ್ಲಿಯ ಶಾಲೆಯಲ್ಲಿ ಟೀಚರ್ ಆದ ಮೇಲೆ, ಸ್ಟಾಫ್‌ರೂಮಿನಲ್ಲಿ ಯಾರಾದರೂ ಜಿನ್ನಿನ ಕಥೆ ಶುರುಮಾಡಿದರೆ ಕರೆಕ್ಷನ್ ಪುಸ್ತಕಗಳನ್ನು ಎತ್ತಿಕೊಂಡು ವರಾಂಡಕ್ಕೆ ಹೋಗುತ್ತಿದ್ದೆ. ನಾನು ಕಲಿಸಿದ್ದು ಜಿಯಾಗ್ರಫಿ. ಒಂದು ಜಾಗ ಇದ್ದರೆ ಅದಕ್ಕೆ ಲ್ಯಾಟಿಟ್ಯೂಡ್, ಲಾಂಜಿಟ್ಯೂಡ್ ಇರಬೇಕು. ಇಲ್ಲದಿದ್ದರೆ ಅದು ಇಲ್ಲ. ಫಿನಿಷ್ಡ್.

ಈಗಲೂ ನಾನು ಭೂತ ಪ್ರೇತ ನಂಬುವವಳಲ್ಲ. ನನಗೆ ಆದದ್ದನ್ನು ಮಾತ್ರ ಆಗಿದೆ ಅಂತ ಹೇಳುವವಳು. ನೀವು ನಂಬಬೇಕು ಅಂತ ಹಟವೇನಿಲ್ಲ. ನನ್ನ ಅಳಿಯನೇ ನಂಬಿಲ್ಲ. ನಾನು ಮಾಡಿದ ಮೀನುಸಾರು ತಿನ್ನುತ್ತಾ ನನ್ನೆದುರೇ ನಗುತ್ತಾನೆ. ನಗಲಿ. ಸುಳ್ಳು ಹೇಳಿ ಮೆಚ್ಚಿಸಬೇಕಾದ ವಯಸ್ಸನ್ನು ನಾನು ಯಾವಾಗಲೋ ದಾಟಿದ್ದೇನೆ.

ರುಕಿಯಾ ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ನನ್ನ ಮೊಣಕಾಲಿನ ಆಪರೇಷನ್ ಆದಾಗ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸ್ ಅವಳು. ಒಂದು ದಿನ ಬಾಗಿಲ ಹೊರಗೆ ಫೋನಿನಲ್ಲಿ ನಮ್ಮದೇ ಬ್ಯಾರಿ ಭಾಷೆಯಲ್ಲಿ ಯಾರನ್ನೋ ಗದರಿಸುವುದು ಕೇಳಿಸಿತು. ಒಳಗೆ ಬಂದಾಗ “ಯಾರಿಗೆ ಬೈದದ್ದು?” ಅಂದೆ. ಬೆಚ್ಚಿದಳು. “ಅಣ್ಣನಿಗೆ” ಅಂದಳು. “ಒಳ್ಳೇದಾಯ್ತು” ಅಂದೆ. ಆಮೇಲೆ ರಜೆಯ ದಿನ ಮಲಾಜಿನ ನಮ್ಮ ಫ್ಲ್ಯಾಟಿಗೆ ಬರತೊಡಗಿದಳು. ಹಾಸ್ಟೆಲಿನ ಊಟ ಅವಳಿಗೆ ಸಾಕಾಗಿತ್ತು. ನನಗೆ ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲಿನ ಖಾಲಿ ಮನೆ ಸಾಕಾಗಿತ್ತು.

ಅವಳ ಕಷ್ಟ ಒಂದೇ ಮಾತಿನದು. ಅವಳಿಗೆ ಒಬ್ಬ ಮಗಳು, ಹಿಬಾ. ಗಂಡ ಬಿಟ್ಟಿದ್ದ. ಮಗು ಊರಲ್ಲಿ ರುಕಿಯಾಳ ತಾಯಿಯ ಹತ್ತಿರ ಬೆಳೆಯುತ್ತಿತ್ತು, ಆ ತಾಯಿಗೆ ಈಗ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಗಂಡನ ಮನೆಯವರು ಊರಿನ ಮಸೀದಿಯ ಜಮಾತಿಗೆ ಹೋಗಿ, “ತಾಯಿ ಇಲ್ಲದ ಮನೆಯಲ್ಲಿ ಹೆಣ್ಣುಮಗು ಎಂತಕ್ಕೆ? ನಮ್ಮಲ್ಲಿ ಬಿಡಲಿ” ಅಂದಿದ್ದರು. ಜಮಾತಿನ ಹಿರಿಯರು ಶಾಲೆಯ ವರ್ಷ ಮುಗಿಯುವವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ರುಕಿಯಾ ಮಗಳನ್ನು ತನ್ನ ಜೊತೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಮಗು ಆ ಕಡೆಗೆ. ಅವಳ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಪರ್ಮಿಟ್ಟಿನಲ್ಲಿ, ಮಗಳಿಗೆ ಜಾಗವಿರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದರೆ ಅಣ್ಣನ ಮನೆಯ ಮೂಲೆ, ಅಣ್ಣ ನೋಡಿಟ್ಟ ಎರಡನೇ ಮದುವೆ. ಉಳಿದದ್ದು ಜರ್ಮನಿ. ಇಲ್ಲಿಯ ಎಷ್ಟೋ ನರ್ಸುಗಳು ಆ ಭಾಷೆ ಕಲಿತು ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಕೆಲಸ ಸಿಕ್ಕಿದರೆ ಮಗಳನ್ನು ಕರಕೊಳ್ಳಬಹುದು.

ಭಾಷೆಯ ಪರೀಕ್ಷೆ ಅವಳು ಪಾಸಾಗಿದ್ದಳು. ಆದರೆ ಮೊದಲ ಇಂಟರ್‌ವ್ಯೂನಲ್ಲಿ ಫೇಲ್. ಯಾಕೆ ಅಂತ ಕೇಳಿದರೆ ನಿಮಗೂ ನಗು ಬರಬಹುದು. ಅಲ್ಲಿಯವರು ಕೇಳಿದ್ದು, “ನಮ್ಮ ಊರು ಎಲ್ಲಿ ಉಂಟು ಗೊತ್ತಾ? ಇಲ್ಲಿಗೆ ಬಂದರೆ ಹೇಗೆ ಓಡಾಡುತ್ತೀರಿ?” ರುಕಿಯಾ ಅದಕ್ಕೆ, “ಹಾಸ್ಟೆಲಿನಿಂದ ಕಂಪೆನಿ ಬಸ್ಸು ಬರುತ್ತದಲ್ಲ, ನನಗೆ ಊರು ಗೊತ್ತಿರಬೇಕಾಗಿಲ್ಲ” ಅಂದಳಂತೆ. ಗಲ್ಫಿನವರು ಬಿಟ್ಟರೆ ಬೇರೆ ಯಾರೂ ಹೀಗೆ ಹೇಳುವುದಿಲ್ಲ. ಅವಳ ಪ್ರಕಾರ ಅದು ಒಳ್ಳೆಯ ಉತ್ತರ. ನಾನು ಎಲ್ಲಿಯೂ ತಿರುಗುವವಳಲ್ಲ, ಕೆಲಸಕ್ಕೆ ಬರುವವಳು ಅಂತ. ಅವರು ಮುಗುಳ್ನಕ್ಕು ವೀಡಿಯೊ ಕಾಲ್ ಮುಗಿಸಿದರು.

“ನಿನ್ನ ಆಸ್ಪತ್ರೆ ನಮ್ಮ ಮಲಾಜಿನಿಂದ ಯಾವ ದಿಕ್ಕಿಗೆ?” ಅಂತ ಕೇಳಿದೆ ನಾನು.

“ಬಸ್ಸಿಗೆ ಕರ್ಟನ್ ಹಾಕಿರ್ತಾರೆ ಟೀಚರ್.”

“ಕರ್ಟನ್ ಸರಿಸಲಿಕ್ಕೆ ಕೈ ಇಲ್ವಾ ನಿನಗೆ?”

“ಸರಿಸಿ ಎಂತ ನೋಡುವುದು? ಮತ್ತೊಂದು ಬಸ್ಸಿನ ಕರ್ಟನ್ನಾ?”

ನನಗೆ ಸಿಟ್ಟು ಬಂತು. ಅವಳ ಮೇಲೆ ಅಲ್ಲ. ಒಂದು ಊರಿನಲ್ಲಿ ಇಷ್ಟು ವರ್ಷ ಜನರ ಗಾಯ ತೊಳೆದವಳಿಗೆ ಆ ಊರು ಗೊತ್ತಾಗದಂತೆ ಬದುಕುವುದನ್ನು ಕಲಿಸಿದ್ದೇವಲ್ಲ, ಅದಕ್ಕೆ. ಎರಡನೆಯ ಇಂಟರ್‌ವ್ಯೂ ಒಂದು ಹಳ್ಳಿಗಾಡಿನ ಜಿಲ್ಲೆಯ ಆಸ್ಪತ್ರೆಯದ್ದು. “ಆ ಜಿಲ್ಲೆಯನ್ನು ನಿನಗೆ ನಾನು ಕಲಿಸುತ್ತೇನೆ” ಅಂದೆ. ನನ್ನ ಮಗಳು, “ಉಮ್ಮಾ, ನಿಮಗೆ ಯಾಕೆ ಊರ ಉಸಾಬರಿ? ಅವಳ ಅಣ್ಣ ನಾಳೆ ನಿಮ್ಮನ್ನೇ ಬೈತಾನೆ” ಅಂದಳು. “ಬೈಯಲಿ, ನನಗೆ ಕಿವಿ ಮಂದ” ಅಂದೆ.

ಜಿಲ್ಲೆಯ ಹೆಸರು ಇಲ್ಲಿ ಬರೆಯುವುದಿಲ್ಲ, ರುಕಿಯಾ ಈಗ ಅಲ್ಲಿಯೇ ಇದ್ದಾಳೆ. ಆದರೆ ಆ ಜಿಲ್ಲೆ ನನಗೆ ಇಷ್ಟವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ದೇಶದ ಪೂರ್ವಕ್ಕೆ, ಬಯಲು ಸೀಮೆ. ಮಣ್ಣು ಮರಳುಮಣ್ಣು, ಅದಕ್ಕೇ ಪೈನ್ ಕಾಡು. ನಡುವೆ ನಿಧಾನದ ಒಂದು ನದಿ. ಜಿಲ್ಲೆಯ ಮುಖ್ಯ ಪಟ್ಟಣ ನಮ್ಮ ಕಾರ್ಕಳಕ್ಕಿಂತ ದೊಡ್ಡದಿರಲಿಕ್ಕಿಲ್ಲ. ಉಳಿದದ್ದೆಲ್ಲ ಸಣ್ಣ ಸಣ್ಣ ಗ್ರಾಮ ಪಂಚಾಯತುಗಳು, ಒಂದೊಂದಕ್ಕೂ ಒಬ್ಬ ಮೇಯರ್, ಊರಿನವರೇ ಸೇರಿ ನಡೆಸುವ ಫೈರ್ ಬ್ರಿಗೇಡ್. ಇಡೀ ಜಿಲ್ಲೆಗೆ ಒಬ್ಬ ಮುಖ್ಯಸ್ಥ, ಅವರ ಲಾಂಟ್‌ರಾಟ್. ನಮ್ಮ ಡಿ.ಸಿ.ಯ ಹಾಗೆ ಮೇಲಿಂದ ಬಂದು ಇಳಿಯುವವನಲ್ಲ. ಜನರೇ ಓಟು ಹಾಕಿ ಆರಿಸುತ್ತಾರೆ. ಅವನ ಜೊತೆ ಒಂದು ಜಿಲ್ಲಾ ಕೌನ್ಸಿಲ್. ಬಸ್ಸು, ಕಸ, ರಸ್ತೆ, ಆ ಆಸ್ಪತ್ರೆ ಕೂಡ ಜಿಲ್ಲೆಯದ್ದೇ. ಅದಕ್ಕೇ ಇಂಟರ್‌ವ್ಯೂಗೆ ಜಿಲ್ಲೆಯ ಆಫೀಸಿನವರೂ ಕೂರುತ್ತಾರೆ.

“ನಮ್ಮಲ್ಲಿ ಒಂದು ಜಿಲ್ಲೆಯನ್ನು ಒಡೆದು ಮಂಗಳೂರು ಬೇರೆ, ಉಡುಪಿ ಬೇರೆ ಮಾಡಿದರಲ್ಲ” ಅಂತ ವಿವರಿಸಿದೆ. “ಅಲ್ಲಿ ಎರಡು ಜಿಲ್ಲೆಗಳನ್ನು ಸೇರಿಸಿ ಒಂದು ಮಾಡಿದ್ದಾರೆ. ಜನರಿಗೆ ಅದು ಇನ್ನೂ ಜೀರ್ಣವಾಗಿಲ್ಲ. ಕಾರಿನ ನಂಬರ್ ಪ್ಲೇಟಿಗೆ ಹಳೆಯ ಜಿಲ್ಲೆಯ ಅಕ್ಷರವೇ ಬೇಕು ಅಂತ ಹಟ ಹಿಡಿದು ವಾಪಸ್ ತೆಗೆದುಕೊಂಡಿದ್ದಾರೆ.”

“ನನ್ನ ಅಣ್ಣನ ಹಾಗೆ” ಅಂದಳು ರುಕಿಯಾ. “ಅವನಿಗೆ ನಮ್ಮ ಉಡುಪಿಯ ಕೆ.ಎ. ಇಪ್ಪತ್ತು ಬಿಟ್ಟು ಬೇರೆ ಗಾಡಿ ಓವರ್‌ಟೇಕ್ ಮಾಡಿದರೆ ರಾತ್ರಿ ನಿದ್ದೆ ಬರುವುದಿಲ್ಲ.”

ಕಲಿಸುವ ವಿಧಾನ ನನ್ನದಲ್ಲ, ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಹೇಳಿದ ಸಿಸ್ಟರ್‌ದು. ಮ್ಯಾಪನ್ನು ಚೆನ್ನಾಗಿ ನೋಡಿ, ಮುಚ್ಚಿಟ್ಟು, ಕಣ್ಣು ಮುಚ್ಚಿ ಬಾಯಲ್ಲಿ ನಡೆಯಬೇಕು. ಎಡಕ್ಕೆ ಏನು, ಬಲಕ್ಕೆ ಏನು, ಹೇಳುತ್ತಾ ಹೋಗಬೇಕು. ಹಾರಿ ಹೋಗುವಂತಿಲ್ಲ. ಗೊತ್ತಿಲ್ಲದ ಕಡೆ “ಐ ಡೋಂಟ್ ನೋ, ಸಿಸ್ಟರ್” ಅಂತ ನಿಂತುಬಿಡಬೇಕು. ಕಟ್ಟಿ ಹೇಳಿದರೆ ಮಾತ್ರ ಕೈಗೆ ಪೆಟ್ಟು. ನಾನು ಮಂಗಳೂರಿನ ಬೆಂಚಿನಲ್ಲಿ ಕೂತು ನೈಲ್ ನದಿಯ ದಂಡೆಯಲ್ಲಿ ಎಷ್ಟು ಸಲ ನಡೆದಿದ್ದೇನೋ! ರುಕಿಯಾಳಿಗೂ ಇದನ್ನೇ ಕಲಿಸಿದೆ. ಮೊದಮೊದಲು ನಾಚಿದಳು. ಆಮೇಲೆ ಸ್ಟೇಷನ್ನಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ಶಾಲೆಗೆ ಸಲೀಸಾಗಿ ನಡೆಯತೊಡಗಿದಳು. ಶಾಲೆಯ ಹತ್ತಿರ ಬಂದಾಗ ಮಾತ್ರ ಗೇಟು ಯಾವ ಕಡೆ ಅಂತ ಎರಡೆರಡು ಸಲ ಹೇಳುತ್ತಿದ್ದಳು. ಯಾಕೆ ಅಂತ ನಾನು ಕೇಳುತ್ತಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಧೂಳು. ರಿಯಾದಿನ ಧೂಳು ನೋಡದವರಿಗೆ ಹೇಗೆ ಹೇಳಲಿ? ಎದುರಿನ ಬಿಲ್ಡಿಂಗ್ ಇಲ್ಲ, ರಸ್ತೆ ಇಲ್ಲ, ಆಕಾಶ ಕುಂಬಳಕಾಯಿಯ ಒಳಗಿನ ಬಣ್ಣ. ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿದೆವು. ಮಗಳೂ ಅಳಿಯನೂ ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದರು. ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ, ಚಹಾ ಎದುರಿಗಿಟ್ಟುಕೊಂಡು, ನಾನು ಸೋಫಾದಲ್ಲಿ, ಅವಳು ಕೆಳಗೆ ಕಾರ್ಪೆಟ್ಟಿನ ಮೇಲೆ. “ಇವತ್ತು ಸ್ಟೇಷನ್ನಿನಿಂದ ಉತ್ತರಕ್ಕೆ, ಕೊನೆಯ ಬಸ್ ಸ್ಟಾಪಿನವರೆಗೆ” ಅಂದೆ. ಅವಳು ಕಣ್ಣು ಮುಚ್ಚಿದಳು. ಅವಳ ಜೊತೆ ನಾನೂ ಮುಚ್ಚಿದೆ. ಧೂಳಿಗೆ ಕಣ್ಣು ಉರಿಯುತ್ತಿತ್ತು, ಅಷ್ಟೇ ಕಾರಣ.

ಅವಳು ನಡೆದಳು. ಮಾರ್ಕೆಟ್ ಚೌಕ, ಹಳದಿ ಬಣ್ಣದ ಜಿಲ್ಲಾ ಕಚೇರಿ, ಸೇತುವೆ. ಬಲಕ್ಕೆ ಸಾಸಿವೆಯಂಥ ಹಳದಿ ಹೂವಿನ ಹೊಲ. ಎಡಕ್ಕೆ ಪೈನ್ ಕಾಡು. ಎರಡು ಹಳ್ಳಿ ದಾಟಿ ಕೊನೆಯ ಬಸ್ ಸ್ಟಾಪ್. ಅಲ್ಲಿಂದ ಮುಂದೆ ದಾರಿಯಿಲ್ಲ. ಮ್ಯಾಪಿನಲ್ಲಿ ದೊಡ್ಡದೊಂದು ಸರೋವರ ನೀಲಿಯಾಗಿ ಹರಡಿಕೊಂಡಿದೆ. “ಇಲ್ಲಿಗೆ ಸರೋವರ, ಮುಗಿಯಿತು ಟೀಚರ್” ಅಂತ ಅವಳು ಹೇಳಬೇಕಿತ್ತು.

ಅವಳು ಹೇಳಿದ್ದು, “ಇಲ್ಲಿಂದ ರಸ್ತೆ ಇಳಿಯುತ್ತದೆ.”

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಯಾಕೆಂದರೆ ನನಗೂ ಇಳಿಜಾರು ಕಾಣುತ್ತಿತ್ತು. ನನ್ನ ಸ್ವರ ನನಗೇ ಕೇಳಿಸಿತು: “ಎಡಕ್ಕೆ ಕಲ್ಲಿನ ಮೋಟುಗೋಡೆ.”

“ಬಲಕ್ಕೆ ಇಗರ್ಜಿ” ಅಂದಳು ಅವಳು. “ಗಂಟೆ ಮಾತ್ರ ಇಗರ್ಜಿಯ ಮೇಲಿಲ್ಲ. ಪಕ್ಕದಲ್ಲಿ ಮರದ ಕಂಬ ನೆಟ್ಟು ಅದಕ್ಕೆ ತೂಗುಹಾಕಿದ್ದಾರೆ.”

“ಎಡಕ್ಕೆ ನೀರಿನ ಪಂಪು. ಕೈಪಂಪು.”

“ಬಾತುಕೋಳಿಯಂಥದ್ದು, ಬಿಳಿ. ದೊಡ್ಡ ದೊಡ್ಡದು.”

ಇದು ಕನಸಿನ ಹಾಗಿರಲಿಲ್ಲ. ಕನಸಿನಲ್ಲಿ ಜಾಗಗಳು ಬದಲಾಗುತ್ತವೆ. ಇಲ್ಲಿ ಯಾವುದೂ ಬದಲಾಗಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ನನ್ನ ಆಪರೇಷನ್ ಆದ ಮೊಣಕಾಲು ನೋಯುವುದು ಹೇಗೋ ಹಾಗೆಯೇ ನೋಯುತ್ತಿತ್ತು. ಪಂಪಿನ ಆಚೆಗೆ ಒಂದು ಮನೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಬಟ್ಟೆ ಒಗೆಯುತ್ತಿದ್ದವಳು ಎದ್ದು ಬಂದ ಹಾಗೆ ಕೈ ಒದ್ದೆ, ಸೊಂಟಕ್ಕೆ ಕಟ್ಟಿದ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದಳು. ನಮ್ಮನ್ನು ನೋಡಿದಳು. ನೋಡುವುದು ಅಂದರೆ ನೋಡುವುದೇ, ಬೀದಿಯಲ್ಲಿ ಅಪರಿಚಿತರು ಬಂದರೆ ನಮ್ಮೂರಿನ ಹೆಂಗಸರು ನೋಡುತ್ತಾರಲ್ಲ, ಹಾಗೆ. ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ರುಕಿಯಾ ಉಸಿರೆಳೆದುಕೊಂಡದ್ದು ಕೇಳಿ ನಾನು ಕಣ್ಣು ತೆರೆದೆ.

ಅವಳೂ ತೆರೆದಿದ್ದಳು. ಮುಖ ಬಿಳಿಚಿಹೋಗಿತ್ತು.

“ಎಂತ ಕೇಳಿದಳು ಅವಳು?” ಅಂದೆ.

“ನಿಮಗೂ ಕಾಣ್ತಾ ಟೀಚರ್?”

“ಎಂತ ಕೇಳಿದಳು, ಅದು ಹೇಳು.”

“‘ನೀವು ಯಾರ ಪೈಕಿ, ಯಾವ ಮನೆಯವರು?’ ಅಂತ.”

ನಾನು ಟೀಚರ್. ಕಾಪಿ ಹೊಡೆಯುವವರನ್ನು ಹಿಡಿದು ಹಿಡಿದೇ ಕೂದಲು ಬೆಳ್ಳಗಾದವಳು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬಂದಿರಬಹುದು ಅಂತ ನನಗೂ ಹೊಳೆಯಿತು. ಮನೆಯ ಬಾಗಿಲಿನ ಬಣ್ಣ ನಾವಿಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. “ಬಾಗಿಲು ಯಾವ ಬಣ್ಣ? ಇಬ್ಬರೂ ಒಟ್ಟಿಗೆ ಹೇಳುವ” ಅಂದೆ. ಒಟ್ಟಿಗೆ ಹೇಳಿದೆವು. ಹಸಿರು.

ರುಕಿಯಾ ಹೆದರಿಕೆಯಾದಾಗ ಓದುವ ಆಯತುಲ್ ಕುರ್ಸಿ ಓದತೊಡಗಿದಳು. ನಾನು ಮೊಬೈಲಿನಲ್ಲಿ ಮ್ಯಾಪ್ ತೆಗೆದು ದೊಡ್ಡದು ಮಾಡಿ ಮಾಡಿ ನೋಡಿದೆ. ಕೊನೆಯ ಬಸ್ ಸ್ಟಾಪ್, ಆಮೇಲೆ ನೀರು. ನೀಲಿ ಬಿಟ್ಟು ಮತ್ತೆ ಎಂತದೂ ಇಲ್ಲ. ನಿದ್ದೆ ಬಂದಿರಬೇಕು ಅಂತ ನನ್ನ ಮಗಳು ಈಗಲೂ ಹೇಳುತ್ತಾಳೆ. ಇಬ್ಬರಿಗೂ ಒಂದೇ ನಿದ್ದೆಯಾ? ಒಂದೇ ಹಸಿರಾ?

“ಇದನ್ನು ಯಾರಿಗೂ ಹೇಳುವುದು ಬೇಡ ಟೀಚರ್” ಅಂದಳು ರುಕಿಯಾ. “ತಲೆ ಸರಿಯಿಲ್ಲದವಳು ಅಂತ ಅಣ್ಣನಿಗೆ ಗೊತ್ತಾದರೆ ಸಾಕು, ಹಿಬಾಳನ್ನು ಅವನೇ ಕರಕೊಂಡು ಹೋಗಿ ಗಂಡನ ಮನೆಯಲ್ಲಿ ಬಿಟ್ಟುಬರ್ತಾನೆ.” ಅವಳು ಹೇಳಿದ್ದು ಸರಿ. ಇಂಟರ್‌ವ್ಯೂನಲ್ಲಿ ಮ್ಯಾಪಿನಲ್ಲಿ ಇರುವುದನ್ನು ಮಾತ್ರ ಹೇಳುವುದು ಅಂತ ತೀರ್ಮಾನಿಸಿದೆವು. ಆಮೇಲೆ ಉತ್ತರದ ಕಡೆ ನಾವು ನಡೆಯಲೇ ಇಲ್ಲ.

ಇಂಟರ್‌ವ್ಯೂ ನಮ್ಮ ಮನೆಯಲ್ಲೇ ಆಯಿತು, ಹಾಸ್ಟೆಲಿನ ವೈಫೈ ನಂಬುವಂತಿರಲಿಲ್ಲ. ಡೈನಿಂಗ್ ಟೇಬಲ್ಲಿನ ಮೇಲೆ ಅಳಿಯನ ಲ್ಯಾಪ್‌ಟಾಪ್. ನಾನು ಕ್ಯಾಮರಾಕ್ಕೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ. ಆ ಕಡೆ ಮೂವರು: ಆಸ್ಪತ್ರೆಯ ಮುಖ್ಯ ನರ್ಸ್, ಜಿಲ್ಲಾ ಕಚೇರಿಯ ಒಬ್ಬ ಗಂಡಸು, ಜಿಲ್ಲಾ ಕೌನ್ಸಿಲಿನ ಮೆಂಬರ್ ಒಬ್ಬಳು ವಯಸ್ಸಾದ ಹೆಂಗಸು. ನನ್ನದೇ ವಯಸ್ಸು ಇರಬೇಕು, ಕತ್ತರಿಸಿದ ಬಿಳಿ ಕೂದಲು. ರುಕಿಯಾ ಚೆನ್ನಾಗಿ ಹೇಳಿದಳು. ನದಿ, ಕಾಡು, ಸೇರಿಸಿದ ಎರಡು ಜಿಲ್ಲೆಗಳು. ನಂಬರ್ ಪ್ಲೇಟಿನ ಮಾತು ಬಂದಾಗ ಆ ಗಂಡಸು ಗಟ್ಟಿಯಾಗಿ ನಕ್ಕ. ನಾನು ಫ್ರಿಜ್ಜಿಗೆ ಒರಗಿ ಅಲ್ಹಮ್ದುಲಿಲ್ಲಾ ಅಂದುಕೊಂಡೆ.

ಆಗ ಆ ವಯಸ್ಸಾದವಳು ಮೊದಲ ಸಲ ಬಾಯಿ ತೆರೆದಳು. ಜರ್ಮನ್ ನನಗೆ ಬಾರದು, ಆದರೆ ಕೇಳಿ ಕೇಳಿ ದಿಕ್ಕುಗಳ ಹೆಸರು ಗೊತ್ತಾಗಿತ್ತು. ಉತ್ತರ ಅಂದದ್ದು ತಿಳಿಯಿತು. ಉತ್ತರದಲ್ಲಿ, ಕೊನೆಯ ಬಸ್ ಸ್ಟಾಪಿನ ಆಚೆ ಏನಿದೆ ಅಂತ ಕೇಳಿದ್ದಳು.

ರುಕಿಯಾ ಕುರ್ಚಿಯನ್ನು ಟೇಬಲ್ಲಿನ ಹತ್ತಿರಕ್ಕೆ ಎಳೆದುಕೊಂಡಳು. ನಾನು ಇಲ್ಲಿಂದ ಕೈಯಲ್ಲಿ ಅಲೆ ಅಲೆ ಮಾಡಿ ತೋರಿಸಿದೆ, ನೀರು, ನೀರು ಅಂತ ಹೇಳು! ಅವಳು ನನ್ನ ಕಡೆ ನೋಡಲಿಲ್ಲ. “ಈಗ ಸರೋವರ” ಅಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಮುಂದಿನದನ್ನು ನನಗೆ ಆಮೇಲೆ ಹೇಳಿದಳು. “ಮೊದಲು ಅಲ್ಲಿ ರಸ್ತೆ ಇಳಿಯುತ್ತಿತ್ತು. ಒಂದು ಊರಿತ್ತು” ಅಂದಳಂತೆ. ಕಂಬಕ್ಕೆ ಕಟ್ಟಿದ ಗಂಟೆ, ಬಿಳಿ ಹಕ್ಕಿಗಳು, ಹಸಿರು ಬಾಗಿಲು, ಬಾಗಿಲಲ್ಲಿ ನಿಂತವಳು ಕೇಳಿದ ಪ್ರಶ್ನೆ, ಎಲ್ಲ ಹೇಳಿಬಿಟ್ಟಳಂತೆ.

ಪರದೆಯ ಮೇಲೆ ಮೂವರೂ ಅಲ್ಲಾಡಲಿಲ್ಲ. ನೆಟ್ ಹೋಯಿತು ಅಂತ ನಾನು ತಿಳಿದೆ. ನೆಟ್ ಹೋಗಿರಲಿಲ್ಲ. ಆ ಗಂಡಸು ಏನೋ ಕೇಳಿದ, ಸ್ವರ ಬದಲಾಗಿತ್ತು. ಎಲ್ಲಿ ಓದಿದಿರಿ ಅಂತ ಕೇಳಿದನಂತೆ. ಇಂಟರ್‌ನೆಟ್ಟಿನಲ್ಲಿ ಅಂದಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅವಳು, “ಓದಿಲ್ಲ. ನಾನೂ ನನ್ನ ಟೀಚರೂ ಅಲ್ಲಿಗೆ ನಡೆದುಕೊಂಡು ಹೋಗಿದ್ದೆವು” ಅಂದಳಂತೆ. ಹಾಗೆ ಹೇಳುವಾಗ ಫ್ರಿಜ್ಜಿನ ಕಡೆ ಕೈ ತೋರಿಸಿದ್ದರಿಂದ ಅದು ಆ ಊರಿನ ಸುದ್ದಿ ಅಂತ ನನಗೂ ಗೊತ್ತಾಯಿತು. ಆ ಗಂಡಸು ಪೆನ್ನು ಕೆಳಗಿಟ್ಟದ್ದು ನನಗೆ ಕಾಣಿಸಿತು. ಆ ಪೆನ್ನಿನ ಜೊತೆ ಹಿಬಾ ಹೋದಳು ಅಂತಲೇ ನನಗನಿಸಿದ್ದು.

ನನಗೆ ಏನಾಯಿತೋ ಗೊತ್ತಿಲ್ಲ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಹೋಗಿ ಕ್ಯಾಮರಾದ ಎದುರು ನಿಂತೆ. ಕಾನ್ವೆಂಟಿನ ಇಂಗ್ಲಿಷ್ ಇಷ್ಟು ವರ್ಷಗಳಲ್ಲಿ ಅಂಥ ಕೆಲಸಕ್ಕೆ ಬಂದದ್ದು ಅದೇ ಮೊದಲು. “ಗುಡ್ ಆಫ್ಟರ್‌ನೂನ್. ಐ ಆ್ಯಮ್ ದಿ ಟೀಚರ್. ದಿಸ್ ಗರ್ಲ್ ಡಸ್ ನಾಟ್ ಟೆಲ್ ಲೈಸ್. ಐ ವಾಸ್ ವಿತ್ ಹರ್” ಅಂದೆ. ರುಕಿಯಾ ನನ್ನ ದುಪಟ್ಟಾದ ತುದಿ ಹಿಡಿದು ಎಳೆಯುತ್ತಿದ್ದಳು. ನಾನು ಕದಲಲಿಲ್ಲ.

ಆ ವಯಸ್ಸಾದವಳು ಕನ್ನಡಕ ತೆಗೆದಳು. ತಡವರಿಸುವ ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದಳು, ಪಂಪು ಯಾವ ಕಡೆ ಇತ್ತು?

“ಇಳಿದು ಬರುವಾಗ ಎಡಕ್ಕೆ” ಅಂದೆ.

ಅವಳು ತಲೆಯಾಡಿಸಲೂ ಇಲ್ಲ. ಎದ್ದಳು. ಕುರ್ಚಿ ಖಾಲಿಯಾಯಿತು. ಮುಖ್ಯ ನರ್ಸ್ ಏನೋ ಎರಡು ಮಾತು ಮರ್ಯಾದೆಗೆ ಹೇಳಿ ಕಾಲ್ ಮುಗಿಸಿದಳು. ರುಕಿಯಾ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತಳು. ಸಂಜೆ ಅಳಿಯ ಬಂದವನು, “ಮಾಮಿ, ಇಂಟರ್‌ವ್ಯೂನಲ್ಲಿ ನೀವು ಎಂಟ್ರಿ ಕೊಟ್ಟಿರಾ? ಒಳ್ಳೇ ಫೈಟ್ ಸೀನ್!” ಅಂದ. ಆ ದಿನ ಅವನಿಗೆ ಊಟಕ್ಕೆ ಮೊಸರನ್ನ ಮಾತ್ರ ಸಿಕ್ಕಿತು.

ಕೆಲಸ ಸಿಕ್ಕಿತು. ಹೇಗೆ ಅಂತ ಆಗ ನಮಗೆ ಗೊತ್ತಾಗಲಿಲ್ಲ. ಶಾಲೆಯ ವರ್ಷ ಮುಗಿಯುವ ಮೊದಲೇ ರುಕಿಯಾ ರಿಯಾದ್ ಬಿಟ್ಟು ಅಲ್ಲಿಗೆ ಸೇರಿದಳು. ಜಮಾತಿನವರು ಕೆಲಸ ಸಿಕ್ಕಿದ ಕಾಗದ ನೋಡಿ, ಮಗು ತಾಯಿಯ ಜೊತೆಗೇ ಹೋಗಲಿ ಅಂದರು. ಇಲ್ಲಿ ಮೆಟ್ರೋ ಓಡಲು ಶುರುವಾದ ಮೇಲೆ ಒಂದು ದಿನ ಅವಳು ಊರಿನಿಂದ ಮಗಳನ್ನು ಕರಕೊಂಡು ಜರ್ಮನಿಗೆ ಹೋಗುವ ದಾರಿಯಲ್ಲಿ ಮಕ್ಕಾದಲ್ಲಿ ಉಮ್ರಾ ಮುಗಿಸಿ ರಿಯಾದಿಗೂ ಬಂದಳು. ಮೆಟ್ರೋ ಸ್ಟೇಷನ್ನಿನಿಂದ ನಮ್ಮ ಮನೆಗೆ ಮಗಳ ಕೈಹಿಡಿದು ತಾನೇ ದಾರಿ ಹುಡುಕಿಕೊಂಡು ಬಂದಳು.

ಅವತ್ತು ಉಳಿದದ್ದನ್ನು ಹೇಳಿದಳು. ಅವಳು ಅಲ್ಲಿ ಇಳಿದ ದಿನ ಸ್ಟೇಷನ್ನಿಗೆ ಬಂದು ಕಾದದ್ದು ಆ ಕೌನ್ಸಿಲ್ ಮೆಂಬರ್ ಹೆಂಗಸೇ. ಸೀದಾ ಕಾರಿನಲ್ಲಿ ಸರೋವರದ ದಂಡೆಗೆ ಕರಕೊಂಡು ಹೋದಳಂತೆ. ಅದು ದೇವರು ಮಾಡಿದ ಸರೋವರವಲ್ಲ. ನೆಲದಡಿಯ ಕಲ್ಲಿದ್ದಲಿಗಾಗಿ ಅಲ್ಲಿದ್ದ ಊರನ್ನು ಖಾಲಿ ಮಾಡಿಸಿ, ಅಗೆದು, ಇದ್ದಲು ಮುಗಿದ ಮೇಲೆ ಆ ಹೊಂಡಕ್ಕೆ ನೀರು ಬಿಟ್ಟದ್ದು. ಜಿಲ್ಲೆಯ ಗ್ರಾಮಗಳ ಸಾಲಿನಿಂದ ಆ ಊರಿನ ಹೆಸರನ್ನೂ ತೆಗೆದರು. ಖಾಲಿ ಮಾಡಿಸಿದಾಗ ಆ ಹೆಂಗಸು ಶಾಲೆಗೆ ಹೋಗುವ ಹುಡುಗಿ. ಪಂಪಿನ ಆಚೆಯ ಮನೆ ಅವರದ್ದು. ಬಂದ ಬಂದವರನ್ನೆಲ್ಲ “ಯಾರ ಪೈಕಿ” ಅಂತ ಕೇಳುವುದು ಅವಳ ತಾಯಿಯ ಅಭ್ಯಾಸ. ಹುಚ್ಚು ಮಾತಾಡುವವಳನ್ನು ರೋಗಿಗಳ ಹತ್ತಿರ ಬಿಡಬಾರದು ಅಂತ ಜಿಲ್ಲಾ ಕಚೇರಿಯ ಆ ಗಂಡಸು ಹಟ ಹಿಡಿದಿದ್ದನಂತೆ. “ಹುಚ್ಚಾದರೆ ನಾನೂ ಹುಚ್ಚಿ, ನನ್ನನ್ನು ಮೊದಲು ಕೌನ್ಸಿಲಿನಿಂದ ತೆಗೆಯಿರಿ” ಅಂದಳಂತೆ ಆ ಹೆಂಗಸು.

ಅಳಿಯ ಅಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿ ತೆಗೆದ. “ನೋಡಿ ಮಾಮಿ, ಮುಳುಗಿದ ಊರುಗಳ ಫೋಟೋ ಹಾಕುವ ಪೇಜ್ ಉಂಟು. ಗಂಟೆಯ ಕಂಬವೂ ಉಂಟು. ನೀವಿಬ್ಬರೂ ಎಲ್ಲೋ ನೋಡಿ ಮರೆತಿದ್ದೀರಿ. ಸಬ್‌ಕಾನ್ಷಿಯಸ್.”

ನಾನು ಕನ್ನಡಕ ಹಾಕಿಕೊಂಡು ನೋಡಿದೆ. “ಫೋಟೋ ಬ್ಲ್ಯಾಕ್ ಆ್ಯಂಡ್ ವೈಟ್ ಅಲ್ವಾ?” ಅಂದೆ. “ಹಸಿರು ಎಲ್ಲಿಂದ ಬಂತು?”

“ಎಷ್ಟೋ ಬಾಗಿಲು ಹಸಿರೇ ಇರ್ತದೆ.”

ಅದಕ್ಕೆ ಉತ್ತರ ಕೊಟ್ಟದ್ದು ರುಕಿಯಾ. ಆ ಊರು ಬಿಟ್ಟುಬಂದವರಲ್ಲಿ ಈಗ ಉಳಿದವರಿಗೆಲ್ಲ ಆ ಬಾಗಿಲು ಕಂದು ಬಣ್ಣದ್ದಾಗಿಯೇ ನೆನಪು. ಊರು ಖಾಲಿ ಮಾಡುವ ಮೊದಲು ಆ ಕೌನ್ಸಿಲ್ ಹೆಂಗಸಿನ ಅಪ್ಪ ಅದಕ್ಕೆ ಕಂದು ಬಳಿದಿದ್ದ. ಅದಕ್ಕಿಂತ ಹಿಂದೆ ಹಸಿರಿದ್ದದ್ದು ಮಗಳೊಬ್ಬಳಿಗೇ ಗೊತ್ತು. ಯಾರಿಗೂ ಅವಳು ಅದನ್ನು ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅಲ್ಲವಲ್ಲ, ಬಾಗಿಲಿನ ಬಣ್ಣ.

ಅಳಿಯ ಮೊಬೈಲ್ ಕಿಸೆಗೆ ಹಾಕಿಕೊಂಡ. ಸೋತ ಅಂತ ನಾನು ಹೇಳುವುದಿಲ್ಲ. ಅವನಿಗೆ ಉತ್ತರ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಕೆಳಗಿನ ಮನೆಯ ಹೆಂಗಸು ಇದು ಜಿನ್ನಿನ ಕೆಲಸ ಅಂದು ಓದಿ ಊದಿದ ನೀರು ತಂದುಕೊಟ್ಟಳು. ಅದನ್ನು ಪುದೀನ ಗಿಡಕ್ಕೆ ಹಾಕಿದೆ. ಜಿನ್ನಿಗೆ ಒಂದು ಊರು ತೋರಿಸಬೇಕಿದ್ದರೆ ನನ್ನ ಹಳೆಯ ಮಂಗಳೂರು ತೋರಿಸಬಹುದಿತ್ತು. ಅದೂ ಈಗ ಇಲ್ಲವಲ್ಲ. ನೋಡುವ ಆಸೆಯಿದ್ದದ್ದು ನನಗೆ ಅದನ್ನೇ. ಇದು ಯಾಕೆ, ನಮಗೇ ಯಾಕೆ, ಎಷ್ಟು ಯೋಚಿಸಿದರೂ ತಲೆಬುಡ ಸಿಗುವುದಿಲ್ಲ. ಆಮೇಲೆ ಎಷ್ಟೋ ಮಧ್ಯಾಹ್ನ ಒಬ್ಬಳೇ ಕೂತು ಕಣ್ಣು ಮುಚ್ಚಿ ಆ ಕೊನೆಯ ಬಸ್ ಸ್ಟಾಪಿನವರೆಗೆ ನಡೆದಿದ್ದೇನೆ. ಅಲ್ಲಿಂದ ಮುಂದೆ ನೀರು.

ಹಿಬಾ ಅಷ್ಟು ಹೊತ್ತು ಕುರ್ಚಿಯ ತುದಿಯಲ್ಲಿ ಕೂತು ಬಿಸ್ಕಿಟ್ ತಿನ್ನುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಾಯಿಯ ಹಾಗೆ ಅಗಲ ಹಣೆ. ಒಮ್ಮೆಲೇ ಕೇಳಿದಳು, “ಅಜ್ಜೀ, ನೀವು ನಾವು ಹೋಗುವ ಊರಿಗೆ ಹೋಗಿದ್ದೀರಂತೆ, ಹೌದಾ?”

ನನ್ನ ಮಗಳು ನನ್ನ ಮುಖ ನೋಡಿದಳು. ಮಗುವಿನೆದುರು ಇದೆಲ್ಲ ಬೇಡ ಅನ್ನುವ ನೋಟ ಅದು. ಅಳಿಯ ಕೆಮ್ಮಿ, “ಮಾಮಿ...” ಅಂದ.

“ನೀನು ಸುಮ್ಮನಿರು” ಅಂದೆ ಅವನಿಗೆ. “ಹೌದು ಮಗಾ, ಹೋಗಿದ್ದೇನೆ.”

“ಅಲ್ಲಿ ತುಂಬಾ ಚಳಿಯಂತೆ?”

“ನಾನು ಹೋದಾಗ ಇರಲಿಲ್ಲ.”

ಅವಳಿಗೆ ಅಷ್ಟು ಸಾಕಾಯಿತು. ಇನ್ನೊಂದು ಬಿಸ್ಕಿಟ್ ತೆಗೆದುಕೊಂಡಳು.

ಅವರು ಹೊರಟಾಗ ನಾನು ಕೆಳಗೆ ಇಳಿಯಲಿಲ್ಲ, ಮೆಟ್ಟಿಲು ಈಗ ನನಗೆ ಆಗುವುದಿಲ್ಲ. ಬಾಲ್ಕನಿಯಲ್ಲಿ ನಿಂತೆ. ನಡುಮಧ್ಯಾಹ್ನದ ಬಿಸಿಲು. ರಸ್ತೆಯ ಆ ಬದಿಗೆ ಟ್ಯಾಕ್ಸಿ ಬಂದು ನಿಂತಿತ್ತು. ಹಿಬಾ ಹೊಸದಾಗಿ ಕೊಂಡ ಕೆಂಪು ಚಳಿಕೋಟನ್ನು ಆ ಸೆಕೆಯಲ್ಲಿಯೂ ಮೈಮೇಲೆ ಹಾಕಿಕೊಂಡು, ಕುತ್ತಿಗೆಯವರೆಗೆ ಜಿಪ್ ಎಳೆದು, ಬೆವರುತ್ತಾ ನಿಂತಿದ್ದಳು. ರುಕಿಯಾ ಬೈಯುತ್ತಾ ಜಿಪ್ ಇಳಿಸುವುದು, ಅವಳು ಮತ್ತೆ ಏರಿಸುವುದು. ಡ್ರೈವರ್ ಹಾರ್ನ್ ಹಾಕಿದ. ರುಕಿಯಾ ಅವನ ಕಡೆ ಕೈ ಎತ್ತಿ, ತಾಳು ಅಂದು, ಕೊನೆಗೆ ಜಿಪ್ಪಿನ ವಿಷಯದಲ್ಲಿ ಮಗಳಿಗೇ ಸೋತು, ಅವಳನ್ನು ಮೊದಲು ಒಳಗೆ ಕೂರಿಸಿದಳು. ಆಮೇಲೆ ತಲೆಯೆತ್ತಿ ನಾನಿದ್ದ ಕಡೆ ನೋಡಿ ನಕ್ಕಳು. ಅವಳನ್ನು ನಾನು ಕಣ್ಣಾರೆ ಕಂಡದ್ದು ಅದೇ ಕೊನೆ.